ಹಿತ್ತಲ ಕಟ್ಟೆಯ ಮೊದಲ ಮಂಗಳವಾರ

ಎಲ್ಲ ತಾಪತ್ರಯಕ್ಕೂ ಮೂಲ ಕಾರಣ ಕಟ್ಟೆ ಚಂದವಾದದ್ದು. ಏನೋ ಸುಮಾರಾಗಿ ಆಗಿದ್ದರೆ ವಿಶ್ವೇಶ್ವರ ನಾಯ್ಕ ಇವತ್ತಿಗೂ ಅದರ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತಿದ್ದ.

ವಿಶ್ವೇಶ್ವರ ಶಿರಸಿ–ಯಲ್ಲಾಪುರ ಬಸ್ಸಿನ ಕಂಡಕ್ಟರ್. ಇಪ್ಪತ್ತೆರಡು ವರ್ಷದಿಂದ ಊರವರಿಗೆಲ್ಲ ಸೀಟು ಮಾಡಿಕೊಟ್ಟು ತಾನು ಕಂಬಕ್ಕೆ ಒರಗಿ ನಿಂತವನು. ಆಸ್ತಿ ಬೇಕು, ಬಂಗಾರ ಬೇಕು ಎಂದು ಹಂಬಲಿಸಿದವನಲ್ಲ. ವಾರದ ರಜೆಯ ದಿನವಾದ ಮಂಗಳವಾರ, ತನ್ನದೇ ಹಿತ್ತಲಲ್ಲಿ, ಯಾರೂ ಮೈಮೇಲೆ ಬೀಳದ ಜಾಗದಲ್ಲಿ, ಒಂದು ಲೋಟ ಚಾ ಹಿಡಿದು ಒಬ್ಬನೇ ಒಂದು ತಾಸು ಕೂರಬೇಕು ಎನ್ನುವುದಷ್ಟೇ ಅವನ ಆಸೆ. ಅಷ್ಟಕ್ಕಾಗಿ ಅವನು ಮೂರು ವರ್ಷ ದುಡಿದ.

ಇಸಳೂರಿನ ಹೊಸ ಬಡಾವಣೆಯಲ್ಲಿ ಅವನ ಮನೆ. ಹಿತ್ತಲೆಂದರೆ ಮನೆಯ ಹಿಂದೆ ಉಳಿದ ಹದಿನಾಲ್ಕು ಅಡಿ ಅಗಲದ ಪಟ್ಟಿ. ಮನೆ ಕಟ್ಟಿ ಮುಗಿದಾಗ ಅಲ್ಲಿ ಇದ್ದದ್ದು ಜಲ್ಲಿಯ ರಾಶಿ, ಒಡೆದ ಹಂಚು, ಸಿಮೆಂಟು ಮೆತ್ತಿದ ಬಕೆಟ್ಟು, ನಡುವೆ ಒಂದು ರಂಜಲ ಮರ. ಮರ ಕಡಿಸಿಬಿಡಿ ಎಂದು ಮೇಸ್ತ್ರಿ ಹೇಳಿದರೂ ಇವನು ಕೇಳಲಿಲ್ಲ. ಮೊದಲನೆಯ ವರ್ಷವಿಡೀ ಏನೂ ಮಾಡದೆ ಬರೀ ನೋಡಿದ. ಬೆಳಗಿನ ಬಿಸಿಲು ಎಲ್ಲಿ ಬೀಳುತ್ತದೆ, ಮಧ್ಯಾಹ್ನ ಮೂರರ ನೆರಳು ಎಲ್ಲಿಗೆ ಬರುತ್ತದೆ, ಮಳೆಗಾಲದ ನೀರು ಯಾವ ಕಡೆ ಓಡುತ್ತದೆ ಎಂದು ಕಾಂಪೌಂಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿಟ್ಟ. ಎರಡನೆಯ ವರ್ಷ ಜಲ್ಲಿ ಹಾಸಿ ಓಡಾಡುವ ದಾರಿ ಮಾಡಿದ, ಬಚ್ಚಲ ನೀರಿಗೆ ಸಣ್ಣ ಕಾಲುವೆ ತೆಗೆದು ಬಸಳೆ ಚಪ್ಪರದ ಬುಡಕ್ಕೆ ತಿರುಗಿಸಿದ, ಬಟ್ಟೆ ಒಣಹಾಕುವ ತಂತಿಯನ್ನು ಕಣ್ಣಿಗೆ ಬೀಳದ ಮೂಲೆಗೆ ಸಾಗಿಸಿದ. ಮೂರನೆಯ ವರ್ಷ ಕಟ್ಟೆಗೆ ಕೈ ಹಾಕಿದ.

ಆ ಕಟ್ಟೆಯನ್ನು ಹೊಗಳದೆ ಮುಂದೆ ಹೋಗುವುದು ನನ್ನಿಂದಾಗದ ಮಾತು. ಕೆಂಪು ಕಲ್ಲನ್ನು ತಾನೇ ಕೆತ್ತಿ ರಂಜಲದ ಸುತ್ತ ಅರ್ಧಚಂದ್ರದ ಹಾಗೆ ಕೂರಿಸಿದ್ದ. ಎತ್ತರ ಅವನ ಮೊಣಕಾಲಿನ ಅಳತೆಗೆ ಸರಿಯಾಗಿತ್ತು. ಒರಗುವ ಕಡೆ ಎಷ್ಟು ಓರೆ ಬೇಕೆಂದು ತಿಳಿಯಲು ಹೆಂಡತಿ ತನುಜಾಳ ಕೈಯಲ್ಲಿ ಬೆನ್ನ ಹಿಂದೆ ಹಲಗೆ ಹಿಡಿಸಿ, 'ಇನ್ನೂ ಒಂಚೂರು ಹಿಂದೆ, ಸಾಕು, ಸಾಕು' ಎನ್ನುತ್ತ ನಾಲ್ಕು ರಜೆ ಕಳೆದಿದ್ದ. ಮೇಲೆ ರೆಡ್ ಆಕ್ಸೈಡ್ ಹಾಕಿ, ಹೊಳೆಯಿಂದ ಹೆಕ್ಕಿ ತಂದ ಒಂದು ಕರಿ ಉರುಟು ಕಲ್ಲಿನಿಂದ ತಿಕ್ಕಿ ತಿಕ್ಕಿ, ಬಗ್ಗಿದರೆ ಮುಖ ಕಾಣುವಷ್ಟು ನುಣುಪು ಮಾಡಿದ್ದ. ಯಾವ ಮೇಸ್ತ್ರಿಯೂ ಇಷ್ಟು ಅಕ್ಕರೆಯಿಂದ ಕೆಲಸ ಮಾಡಿದ್ದನ್ನು ನಾನು ಕಂಡಿಲ್ಲ.

ಕಟ್ಟೆ ಮುಗಿದ ಮೇಲಿನ ಮೊದಲ ಮಂಗಳವಾರ ಬೆಳಿಗ್ಗೆ ಏಳೂವರೆಗೆ ಅವನು ಸ್ನಾನ ಮಾಡಿ, ಒಗೆದ ಪಂಚೆ ಉಟ್ಟು, ಚಾ ಲೋಟ ಹಿಡಿದು ಕಟ್ಟೆಯ ಮುಂದೆ ಬಂದ. ಬಿಸಿಲು ಗೆರೆ ಎಳೆದ ಜಾಗದಲ್ಲೇ ಬಿದ್ದಿತ್ತು. ಪಂಚೆ ಎತ್ತಿ ಕಟ್ಟಿ ಇನ್ನೇನು ಕೂರಬೇಕು, ಕಾಂಪೌಂಡಿನ ಆಚೆಯಿಂದ ಕೂಗು ಕೇಳಿತು.

"ವಿಶ್ವಣ್ಣಾ, ಕೂರಬೇಡಿ! ಹಂಗೇ ನಿಲ್ಲಿ!"

ಪಕ್ಕದ ಮನೆಯ ಶ್ರೀವಾಣಿ ಹೆಗಡೆ. ಹೂಗಿಡ ಎಂದರೆ ಪ್ರಾಣ ಬಿಡುವ ಹೆಂಗಸು. ಇವನು ಹಾವೇನಾದರೂ ಇದೆಯೋ ಎಂದು ಹಾರಿ ಹಿಂದೆ ಸರಿದ.

"ಹಾವಲ್ಲ ಮಾರಾಯ್ರೆ, ಒಂದು ಫೋಟೋ. ನೀವು ಕೂತ್ರೆ ಕಟ್ಟೆ ಮುಚ್ಚಿಹೋಗ್ತು," ಎಂದವಳೇ ಫೋಟೋ ಹೊಡೆದು, ತ್ಯಾಗಲಿಯಲ್ಲಿದ್ದ ತನ್ನ ಅಕ್ಕನಿಗೆ ವಿಡಿಯೊ ಕಾಲ್ ಹಚ್ಚಿದಳು. "ಅಕ್ಕಾ, ಇಲ್ಲಿ ನೋಡೇ! ರಾಶಿ ಚೊಲೋ ಆಜು! ಆನು ಸುಳ್ಳು ಹೇಳ್ತ್ನಿಲ್ಲೆ, ಅವರೇ ಕಟ್ಟಿದ್ದು! ಭಾವಂಗೂ ಕರೆದು ತೋರ್ಸು!"

ಹಿಂದೆಯೇ ಗೇಟು ದಾಟಿ ಒಳಗೆ ಬಂದಳು. ಕೈಯಲ್ಲಿ ನೆಡಲು ಕತ್ತರಿಸಿ ತಂದ ಮೂರು ಬಗೆಯ ದಾಸವಾಳದ ಗೂಟ. ಕಟ್ಟೆಯನ್ನು ಆ ಕಡೆಯಿಂದ ಈ ಕಡೆಗೆ ಸವರಿ, ನಡುವಿನ ಒರಗುವ ಜಾಗದಲ್ಲೇ ಕೂತು, "ಆಹಾ!" ಎಂದಳು. ಬಂದವರ ಎದುರು ತಾನೊಬ್ಬನೇ ಚಾ ಕುಡಿಯುವುದು ಹೇಗೆ? ವಿಶ್ವೇಶ್ವರ ಕೈಯಲ್ಲಿದ್ದ ಲೋಟವನ್ನು ಅವಳಿಗೇ ಕೊಟ್ಟ.

ಎರಡನೆಯ ಲೋಟ ತರುವಷ್ಟರಲ್ಲಿ ಎದುರು ಮನೆಯ ಸುಭಾಷಣ್ಣ ಬಂದಿದ್ದರು. ಸರ್ವೆ ಕೆಲಸದಿಂದ ನಿವೃತ್ತರಾದವರು. ನಿವೃತ್ತಿ ಆದದ್ದು ಅವರಿಗೆ ಮಾತ್ರ, ಅವರ ಟೇಪಿಗಲ್ಲ. ಕಟ್ಟೆಯ ಉದ್ದ, ಅಗಲ, ಮರದಿಂದ ಅಂಚಿಗಿರುವ ದೂರ ಎಲ್ಲ ಅಳೆದು ಕನ್ನಡಕ ತೆಗೆದರು.

"ವಿಶ್ವಾ, ಒಂದು ನೂಲು ಆಚೀಚೆ ಆಗ್ಲಿಲ್ಲ ಮಾರಾಯ! ನೀ ಸುಮ್ನೆ ಟಿಕೆಟ್ ಹರಿತಾ ಆಯುಷ್ಯ ಹಾಳು ಮಾಡ್ಕಂಡೆ." ಎನ್ನುತ್ತ ಕೂತು ಹಿಂದಕ್ಕೆ ಒರಗಿದರು. ಕಣ್ಣು ತಾವಾಗಿ ಮುಚ್ಚಿದವು. "ಅಯ್ಯಯ್ಯೋ, ನನ್ನ ಬೆನ್ನಿಗೇ ಅಳತೆ ತಗಂಡು ಮಾಡ್ದಂಗೆ ಇದೆಯಲ್ಲೋ! ಸೊಂಟ ನೋವಿಗೆ ಡಾಕ್ಟರು ಹಿಂಗೇ ಕೂರ್ಬೇಕು ಅಂದದ್ದು. ದಿನಾ ಬರ್ತೆ ಬಿಡು."

ಎರಡನೆಯ ಲೋಟ ಸುಭಾಷಣ್ಣನ ಪಾಲಾಯಿತು.

ಮೂರನೆಯದನ್ನು ವಿಶ್ವೇಶ್ವರ ಅಡುಗೆಮನೆಯಲ್ಲೇ ನಿಂತು ಕುಡಿದ. ಆದರೂ ಬೇಸರವೇನೂ ಆಗಿರಲಿಲ್ಲ. ಸುಳ್ಳೇಕೆ, ಅವನ ಎದೆ ಉಬ್ಬಿತ್ತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಚಿಲ್ಲರೆ ಕೊಡದವನು ಎಂದು ಬೈಸಿಕೊಂಡವನಿಗೆ ಹೊಗಳಿಕೆ ಹೊಸ ರುಚಿ. ಇವರು ಎದ್ದು ಹೋಗಲಿ, ಆಮೇಲೆ ಕೂತರಾಯಿತು ಎಂದುಕೊಂಡ.

ಅವರು ಏಳುವ ಮೊದಲೇ ತನುಜಾಳ ಸ್ವಸಹಾಯ ಸಂಘದ ಹೆಂಗಸರು ಬಂದರು. ಒಬ್ಬೊಬ್ಬರಾಗಿ ಒಂಬತ್ತು ಜನ. ಫೋಟೋ ಅಷ್ಟರಲ್ಲಿ ಇಸಳೂರನ್ನೆಲ್ಲ ಸುತ್ತಿತ್ತು. 'ಹಿತ್ತಲ ಗಿಡ ಮದ್ದಲ್ಲ' ಎಂದ ಹಿರಿಯರು ಹಿತ್ತಲ ಕಟ್ಟೆಯ ವಿಷಯ ಏನೂ ಹೇಳಿರಲಿಲ್ಲ ನೋಡಿ. ಬಂದವರೆಲ್ಲ ಬಸಳೆ ನೋಡಿದರು, ಕಾಲುವೆ ನೋಡಿದರು, ನಮ್ಮನೆಯವ್ರೂ ಇದ್ದಾರೆ ದಂಡಕ್ಕೆ ಎಂದು ನಿಟ್ಟುಸಿರಿಟ್ಟರು, ಕೂತರು. ಒಬ್ಬರು ಎದ್ದ ಜಾಗ ಆರುವ ಮೊದಲೇ ಇನ್ನೊಬ್ಬರು ಹಿಡಿದರು. ವಿಶ್ವೇಶ್ವರ ಚಾ ತಟ್ಟೆ ಹಿಡಿದು, "ಸ್ವಲ್ಪ ಆಚೆ ಸರೀರಿ, ಜಾಗ ಅದೆ," ಎಂದು ಅಭ್ಯಾಸಬಲದಿಂದ ಹೇಳಿ ಇಬ್ಬರಿಗೆ ಜಾಗ ಮಾಡಿಕೊಟ್ಟ.

ಹನ್ನೊಂದು ಗಂಟೆಗೆ ತನುಜಾ ಹೆಮ್ಮೆಯಿಂದ ಸಾರಿದಳು: "ಇನ್ನು ಮೇಲೆ ಸಂಘದ ಮೀಟಿಂಗು ಪ್ರತಿ ಮಂಗಳವಾರ ಸಂಜೆ ನಾಲ್ಕಕ್ಕೆ ನಮ್ಮ ಕಟ್ಟೆ ಮೇಲೇಯ!"

ಹೆಂಗಸರು ಚಪ್ಪಾಳೆ ಹೊಡೆದರು. ವಿಶ್ವೇಶ್ವರನ ಉಬ್ಬಿದ ಎದೆ ಅಲ್ಲಿಗೆ ಇಳಿಯಿತು.

ಊಟ ಮುಗಿಸಿ ಕೈ ತೊಳೆದು ಮತ್ತೆ ಹಿತ್ತಲಿಗೆ ಬಂದ. ಹೆಂಗಸರು ಹೋಗಿದ್ದರು. ಆದರೆ ಕಟ್ಟೆಯ ಮೇಲೆ ಸುಭಾಷಣ್ಣ ಮುಖಕ್ಕೆ ಟವೆಲ್ ಹೊದ್ದು ಉದ್ದಕ್ಕೆ ಮಲಗಿ ಗೊರಕೆ ಹೊಡೆಯುತ್ತಿದ್ದರು. ಮೂರು ವರ್ಷದ ದುಡಿಮೆ ಇನ್ನೊಬ್ಬರ ಗೊರಕೆಗೆ ಹಾಸಿಗೆಯಾದದ್ದನ್ನು ನೋಡಿ ಅವನಿಗೆ ಅಳುವೇ ಬಂತು. ಏಳಿ ಎಂದು ಹೇಳೋಣವೆಂದರೆ ಹಿರಿಯರು, ಮನೆ ಕಟ್ಟುವಾಗ ಪುಕ್ಕಟೆ ಅಳತೆ ಮಾಡಿಕೊಟ್ಟವರು. ಬರಬೇಡಿ ಎಂದು ಸಂಘಕ್ಕೆ ಹೇಳೋಣವೆಂದರೆ ತನುಜಾ ಇದ್ದಾಳೆ. ಮನುಷ್ಯರು ಹೇಳಿ ಮನುಷ್ಯರನ್ನು ಎಬ್ಬಿಸುವುದು ಸಾಧ್ಯವಿಲ್ಲ ಎಂದು ಅವನಿಗೆ ಖಾತ್ರಿಯಾಯಿತು. ಆಗಲೇ ಮೂಲೆಯಲ್ಲಿ ಬಿದ್ದಿದ್ದ ಕರಿ ಉರುಟು ಕಲ್ಲು ಕಣ್ಣಿಗೆ ಬಿತ್ತು.

ಐದೇ ನಿಮಿಷದ ಕೆಲಸ. ಕಲ್ಲನ್ನು ತೊಳೆದು ರಂಜಲದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿದ. ದೇವರ ಮೂಲೆಯಿಂದ ಕುಂಕುಮ ತಂದು ಮೂರು ಬೊಟ್ಟು ಇಟ್ಟ. ಶ್ರೀವಾಣಿ ತಂದ ಗೂಟದಲ್ಲಿದ್ದ ಒಂದೇ ಒಂದು ಕೆಂಪು ದಾಸವಾಳವನ್ನು ಕಿತ್ತು ತಲೆಗೆ ಮುಡಿಸಿದ. ಎರಡು ಹೆಜ್ಜೆ ಹಿಂದೆ ಸರಿದು ನೋಡಿದರೆ ಅವನಿಗೇ ಕೈ ಮುಗಿಯಬೇಕು ಎನಿಸಿತು. ಆಮೇಲೆ ಸುಭಾಷಣ್ಣನ ಭುಜ ಅಲುಗಿಸಿದ.

"ಸುಭಾಷಣ್ಣಾ, ಏಳಿ, ಏಳಿ. ಯಾರ ಎದುರು ಕಾಲು ಚಾಚಿದ್ದೀರಿ ನೋಡಿ."

ಸುಭಾಷಣ್ಣ ಕಣ್ಣು ಬಿಟ್ಟು, ತಮ್ಮ ಹೆಬ್ಬೆರಳಿನ ಆಚೆ ಕುಂಕುಮ ಹಚ್ಚಿದ ಕಲ್ಲು ಕಂಡು, ಸೊಂಟ ನೋವಿನವರು ಏಳಬಾರದಷ್ಟು ಜೋರಾಗಿ ಎದ್ದರು.

"ಇದ್ಯಾವಾಗ ಬಂತೋ?"

"ಕಟ್ಟೆಗೆ ಮಣ್ಣು ಅಗೆಯುವಾಗ ಸಿಕ್ಕಿದ್ದು. ನಾನು ಮೂಲೆಗೆ ಇಟ್ಟಿದ್ದೆ," ವಿಶ್ವೇಶ್ವರ ದನಿ ಇಳಿಸಿದ. "ಈಗ ಊಟ ಮಾಡಿ ಜೊಂಪು ಹತ್ತಿತ್ತು. ಕನಸಿನಲ್ಲಿ ಕೆಂಪು ಸೀರೆ ಉಟ್ಟ ಹೆಂಗಸು ಬಂದು, 'ಇದು ನನ್ನ ಜಾಗ, ಇಲ್ಲಿ ಸಂತೆ ಕೂಡಿಸಬೇಡ' ಅಂದಂಗಾಯ್ತು. ಚೌಡಿನೇ ಇರಬೇಕು."

ಜಾಗ ಕಾಯುವ ಚೌಡಿ ಎಂದ ಮೇಲೆ ಈ ಸೀಮೆಯಲ್ಲಿ ಯಾರೂ ಎರಡನೆಯ ಮಾತು ಆಡುವುದಿಲ್ಲ. ಸುಭಾಷಣ್ಣ ಗಲ್ಲ ಗಲ್ಲ ಬಡಿದುಕೊಂಡರು. ಸೊಂಟ ಮುಟ್ಟಿ ನೋಡಿಕೊಂಡರು.

"ವಿಶ್ವಾ! ನೋವಿಲ್ಲೋ! ಅಲ್ಲಾ, ಬೆಳಗಿಂದ ನೋವಿಲ್ಲ! ನಾನು ಕಟ್ಟೆ ಗುಣ ಅಂದ್ಕಂಡಿದ್ದೆ!"

ಇದು ವಿಶ್ವೇಶ್ವರನ ಲೆಕ್ಕದಲ್ಲಿ ಇರಲಿಲ್ಲ. ತಡೆಯುವ ಮೊದಲೇ ಅವರು ಗೇಟು ದಾಟಿ ರಸ್ತೆಗೆ ಇಳಿದಿದ್ದರು.

ನಾಲ್ಕಕ್ಕೆ ಸಂಘದವರು ಬಂದರು, ಶ್ರೀವಾಣಿ ಬಂದಳು, ಇನ್ನೂ ಹತ್ತಾರು ಜನ ಬಂದರು. ಎಲ್ಲರೂ ಚಪ್ಪಲಿಯನ್ನು ಗೇಟಿನ ಹೊರಗೆ ಬಿಟ್ಟು ಜಲ್ಲಿಯ ಮೇಲೆ ಕೈ ಮುಗಿದು ನಿಂತರು. ಕಟ್ಟೆ ಬೆಳಗಿನಿಂದ ಮೊದಲ ಬಾರಿಗೆ ಖಾಲಿ! ಇಳಿಹೊತ್ತಿನ ನೆರಳು ಅದರ ಮೇಲೆ ಹಾಸಿತ್ತು. ವಿಶ್ವೇಶ್ವರನಿಗೆ ತನ್ನ ಬುದ್ಧಿಯ ಬಗ್ಗೆ ತನಗೇ ಗೌರವ ಬಂತು. ಇವರೆಲ್ಲ ಹೋದ ಮೇಲೆ ಎಂದು ಕಾಯುವ ತಾಳ್ಮೆಯೂ ಉಳಿಯದೆ, ಹೋಗಿ ಒಂದು ತುದಿಯಲ್ಲಿ ಕೂರಲು ಬಗ್ಗಿದ.

"ರೀ!" ತನುಜಾ ಚೀರಿದಳು. "ನಿಮಗೆ ತಲೆ ಸರಿ ಇದ್ಯನ್ರೀ? ಅಲ್ಲಿ ಕೂರ್ತೀರಾ?"

"ಸಂತೆ ಕೂಡಿಸಬೇಡ ಅಂದದ್ದು ಕಣೆ. ನಾನೊಬ್ಬ ಕೂತ್ರೆ..."

"ಹೇಳಿಸ್ಕಂಡವ್ರು ನೀವು! ನೀವೇ ಕೂರೂದಾ?"

ಶ್ರೀವಾಣಿ ಕಣ್ಣೊರೆಸಿಕೊಂಡಳು. "ಬೆಳಿಗ್ಗೆನೇ ಅನ್ನಿಸ್ತು ನನಗೆ. ಇಷ್ಟು ಚಂದದ ಕಟ್ಟೆ ಮನುಷ್ಯರ ಕೈಯಲ್ಲಿ ಆಗುವ ಕೆಲಸ ಅಲ್ಲ ಅಂತ."

"ನಾನೇ ಅಲ್ಲವಾ ಕಟ್ಟಿದ್ದು!" ಎಂದ ವಿಶ್ವೇಶ್ವರ.

"ಕೈ ನಿಂದು ಮಾರಾಯ," ಸುಭಾಷಣ್ಣ ಸಮಾಧಾನ ಹೇಳಿದರು. "ಅಳತೆ ಅವಳದ್ದು. ಇಲ್ಲದಿದ್ರೆ ಒಂದು ನೂಲೂ ಆಚೀಚೆ ಆಗದೇ ಇರೂದು ಅಂದ್ರೆ ಹೇಗೆ?"

ಕೂರುವ ಜಾಗ ಹೋದದ್ದು ಒಂದು ಕಡೆ, ಕಟ್ಟಿದ ಹೆಸರೂ ಹೋಯಿತಲ್ಲ! ನಾಲ್ಕು ರಜೆ ಬೆನ್ನಿಗೆ ಹಲಗೆ ಹಿಡಿದ ತನುಜಾಳೇ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಸತ್ಯ ಹೇಳಿಬಿಡೋಣವೆಂದು ಅವನು ಬಾಯಿ ತೆರೆದ. ಇಷ್ಟು ಜನರೆದುರು ಕುಂಕುಮ ಹಚ್ಚಿ ಸುಳ್ಳು ಹೇಳಿದೆ ಎನ್ನುವುದು ಹೇಗೆಂದು ತಿಳಿಯದೆ ಮುಚ್ಚಿದ.

"ದ್ಯಾವಮ್ಮಜ್ಜಿ ಕರೆಸೋಣ," ಎಂದರು ಯಾರೋ. "ಅವ್ರು ಹೌದು ಅಂದ್ರೆ ಹೌದು."

ಅವನಿಗೆ ಹೋದ ಜೀವ ಬಂತು. ದ್ಯಾವಮ್ಮ ಓಣಿಯ ತಿರುವಿನ ಹಳೆಯ ಮನೆಯ ಮುದುಕಿ. ಎಂಬತ್ತರ ಹತ್ತಿರದ ವಯಸ್ಸು, ಹದ್ದಿನ ಕಣ್ಣು. ಅವಳ ಹಿತ್ತಲಿನಲ್ಲಿ ಅಪ್ಪೆಮಿಡಿ ಮಾವಿನ ಮರದ ಬುಡದಲ್ಲಿರುವ ಚೌಡಿಗೆ ಊರೆಲ್ಲ ಕಾಯಿ ಒಡೆಯುತ್ತದೆ. ನಿಜವಾದ ಚೌಡಿಯ ಸೇವೆ ಮಾಡಿದವಳು ಈ ಕಲ್ಲನ್ನು ಕಂಡೊಡನೆ 'ಥೂ, ತಿಕ್ಕುವ ಕಲ್ಲು' ಎನ್ನುತ್ತಾಳೆ, ಒಂದಿಷ್ಟು ಬೈಗುಳ ತಿಂದರೂ ಕಟ್ಟೆ ಉಳಿಯುತ್ತದೆ ಎಂದು ಅವನು ದಾರಿ ಕಾದ.

ದ್ಯಾವಮ್ಮ ಕೋಲು ಊರುತ್ತ ಬಂದಳು. ಕಲ್ಲಿನ ಮುಂದೆ ಬಗ್ಗಿ, ಉಗುರಿನಲ್ಲಿ ಒಮ್ಮೆ ಕೆರೆದು, ಉಗುರಿಗೆ ಹತ್ತಿದ ರೆಡ್ ಆಕ್ಸೈಡ್ ಪುಡಿ ನೋಡಿದಳು. ಆಮೇಲೆ ವಿಶ್ವೇಶ್ವರನ ಮುಖ ನೋಡಿದಳು.

"ಎಲ್ಲ ಗೇಟಿನ ಹತ್ರ ನಿಲ್ಲಿ. ಕನಸು ಬಿದ್ದವನ ಹತ್ರ ಕೇಳೂದದೆ."

ಜನ ದೂರ ಸರಿದರು. ಮುದುಕಿ ಪಿಸುಗುಟ್ಟಿದಳು. "ಎಂತಕ್ಕೆ ಇಟ್ಟೆ?"

ವಿಶ್ವೇಶ್ವರ ಎಲ್ಲ ಹೇಳಿದ. ಕಣ್ಣಲ್ಲಿ ನೀರೇ ಬಂದಿತ್ತು. "ಕೂರುವ ಆಸೆಗೆ, ಅಜ್ಜಿ. ತಪ್ಪಾಯ್ತು. ಇದು ಚೌಡಿ ಅಲ್ಲ ಅಂತ ನೀವೇ ಹೇಳಿಬಿಡಿ. ನಿಮ್ಮ ಮಾತು ಕೇಳ್ತಾರೆ."

ದ್ಯಾವಮ್ಮ ನಕ್ಕಳು. ಹಲ್ಲಿಲ್ಲದ, ಮಗುವಿನಂಥ ನಗು.

"ನಮ್ಮನೆದೂ ಹಿಂಗೇಯ ಬಂದದ್ದು, ತಮಾ. ಮಿಡಿ ಬಲಿಯುಕೆ ಬಿಡ್ತಿರಲಿಲ್ಲ, ಕೇರಿಯವ್ರೆಲ್ಲ ಬಂದು ಕೊಯ್ಕಂಡು ಹೋಗ್ತಿದ್ರು. ಒಂದು ಕಲ್ಲು ಇಟ್ಟೆ, ಕುಂಕುಮ ಹಚ್ಚಿದೆ. ಮಾರನೇ ದಿನದಿಂದ ಒಬ್ರೂ ಮುಟ್ಟಲಿಲ್ಲ."

"ಒಳ್ಳೇದೇ ಆಯ್ತಲ್ಲ?"

"ಎಂತ ಒಳ್ಳೇದು? ಚೌಡಿ ಮರದ ಮಿಡಿ ಅಂದ್ಮೇಲೆ ನಾನಾದ್ರೂ ಕೊಯ್ಯಂಗಿದ್ಯಾ? ಮೂವತ್ತು ವರ್ಷ ಆತು, ಉಪ್ಪಿನಕಾಯಿಗೆ ಪೇಟೆಯಿಂದ ಮಿಡಿ ತರ್ಸ್ತೆ."

"ಹಂಗಾದ್ರೆ ನನ್ನ ಕಷ್ಟ ನಿಮಗೆ ಗೊತ್ತಿದೆ. ಹೇಳಿಬಿಡಿ, ಅಜ್ಜಿ!"

"ಗೊತ್ತಿಲ್ದೇ ಏನು. ಆದ್ರೆ ಇವತ್ತು ನಿಂದು ಬರೀ ಕಲ್ಲು ಅಂದ್ರೆ ನಾಳೆ ನಂದೂ ಕಲ್ಲೇ ಅಂತಾರೆ," ಎಂದವಳು ಸೊಂಟ ನೆಟ್ಟಗೆ ಮಾಡಿ, ಗೇಟಿನ ಕಡೆ ತಿರುಗಿ, ಬಡಾವಣೆಗೆಲ್ಲ ಕೇಳುವಂತೆ ಕೂಗಿದಳು. "ಹೌದ್ರೋ! ಚೌಡಿನೇಯ! ನನ್ನ ಚೌಡಿಗೆ ತಂಗಿ ಆಗ್ಬೇಕು! ಪ್ರತಿ ಮಂಗಳವಾರ ದೀಪ ಹಚ್ಚಿ ಕಾಯಿ ಒಡೀಬೇಕು. ಯಾರಿಗೆ ಕನಸು ಬಿತ್ತೋ ಅವನೇ ಮಾಡ್ಬೇಕು. ಕಟ್ಟೆ ಮೇಲೆ ಯಾರೂ ಕೂರೂಕಿಲ್ಲ!"

ಹೆಂಗಸರು ಕೈ ಮುಗಿದರು. ಇಂಥ ಭಾಗ್ಯ ಯಾರಿಗುಂಟು ಎಂದು ಸುಭಾಷಣ್ಣ ವಿಶ್ವೇಶ್ವರನ ಕೈ ಹಿಡಿದು ಅಲುಗಿಸಿದರು. ತನುಜಾ ಹೆಮ್ಮೆಯಿಂದ ಗಂಡನನ್ನು ನೋಡಿ, ದೀಪಕ್ಕೆ ಎಣ್ಣೆ ತರಲು ಒಳಗೆ ಓಡಿದಳು. ಎಲ್ಲರ ಕಣ್ಣಲ್ಲೂ ಅವನು ಒಂದೇ ದಿನದಲ್ಲಿ ದೊಡ್ಡ ಮನುಷ್ಯನಾಗಿದ್ದ.

ದ್ಯಾವಮ್ಮ ಹೊರಡುವಾಗ ಅವನ ಹತ್ತಿರ ಬಂದು ಬೆನ್ನು ಸವರಿದಳು.

"ಮೊದ್ಲು ಹತ್ತು ವರ್ಷ ಬೇಜಾರು ಬರ್ತದೆ, ತಮಾ," ಎಂದಳು. "ಆಮೇಲೆ ನಿಂಗೂ ನಂಬಿಕೆ ಬರ್ತದೆ. ನಂಗೆ ಬಂದದೆ."