ಕಾಕಾನ ಫಸ್ಟ್ ಕ್ಲಾಸ್

ನಮ್ಮ ವಂಶದಲ್ಲಿ ಇವತ್ತಿನವರೆಗೆ ಫಸ್ಟ್ ಕ್ಲಾಸಿನಲ್ಲಿ ಪಾಸಾದವನು ಒಬ್ಬನೇ. ನನ್ನ ಅಪ್ಪನಲ್ಲ, ಧಾರವಾಡದಲ್ಲಿ ಸಾಹೇಬರೆನಿಸಿಕೊಂಡ ದೊಡ್ಡಪ್ಪನೂ ಅಲ್ಲ, ನಾನಂತೂ ಖಂಡಿತ ಅಲ್ಲ. ಪಾಸಾದವನು ನಮ್ಮ ಕಾಕಾ, ಅಪ್ಪನ ತಮ್ಮ. ಅವನು ಶಾಲೆಗೆ ಹೋದದ್ದು ಒಂದೇ ದಿನ. ಮಾಸ್ತರರು, 'ಎಲ್ಲಾರೂ ಬಂದೀರೇನು?' ಎಂದರಂತೆ. 'ನಮ್ಮವ್ವ ಬಂದಿಲ್ಲ' ಎಂದವನೇ ಎದ್ದು ಮನೆಗೆ ಬಂದುಬಿಟ್ಟನಂತೆ! ಹಾಗಾದರೆ ಫಸ್ಟ್ ಕ್ಲಾಸ್ ಎಲ್ಲಿಂದ ಬಂತು ಅಂತೀರಾ? ಅದನ್ನು ಹೇಳುವುದಕ್ಕೇ ಕೂತಿದ್ದೇನೆ.

ನಮ್ಮ ಮನೆ ಬನಹಟ್ಟಿಯಲ್ಲಿ. ಎರಡೂ ಮಗ್ಗುಲಿಗೆ ಪಾವರ್‌ಲೂಮಿನ ಶೆಡ್ಡುಗಳು. ಬಂದ ನೆಂಟರು ಒಂದು ದಿನ ಹೇಗೋ ತಡೆದು, ಮರುದಿನ ಕಿವಿಗೆ ಹತ್ತಿ ಇಟ್ಟುಕೊಂಡು ಬಸ್ಸು ಹತ್ತುತ್ತಿದ್ದರು. ಕಾಕಾನಿಗೆ ಮಾತ್ರ ಆ ಸದ್ದೇ ಜೋಗುಳ. ಒಂದು ತಾಟು ಕೆಳಗೆ ಬಿದ್ದರೆ ಕಿವಿ ಮುಚ್ಚಿಕೊಂಡು ಮೂಲೆ ಸೇರುವವನು, ಓಣಿಯ ಮಗ್ಗಗಳೆಲ್ಲ ಒಟ್ಟಿಗೆ ಖಟ್ ಖಟಲ್ ಎನ್ನುವಾಗ ಗೋಡೆಗೆ ಕಿವಿ ಹಚ್ಚಿ ನಗುತ್ತ ಕೂಡುತ್ತಿದ್ದ. ಕರೆಂಟು ಹೋಯಿತೋ, ಮುಗಿಯಿತು! 'ಮಗ್ಗ ನಿಂತಾವು! ಮಗ್ಗ ನಿಂತಾವು!' ಎಂದು ಊರಿಗೇ ಬೆಂಕಿ ಬಿದ್ದಂತೆ ಓಣಿಯ ತುಂಬ ಓಡಾಡುತ್ತಿದ್ದ.

ಆಗ ಅವನ ತಾಯಿ, ಅಂದರೆ ನಮ್ಮ ಅಜ್ಜಿ, ಇದ್ದ ಕೆಲಸ ಬಿಟ್ಟು ಅಡುಗೆಮನೆಯಿಂದ ಲಟ್ಟಣಿಗೆ, ಮಣೆ ತಂದು ಪಡಸಾಲೆಯಲ್ಲಿ ಕೂತು ಬಾರಿಸತೊಡಗುತ್ತಿದ್ದಳು. ಖಟ್ ಖಟಲ್, ಖಟ್ ಖಟಲ್. ಕಾಕಾ ಬಂದು ಪಕ್ಕದಲ್ಲಿ ಕೂತು ತಣ್ಣಗಾಗುತ್ತಿದ್ದ. ಕರೆಂಟು ಬಂದಕೂಡಲೇ, 'ಯವ್ವಾ, ಮಗ್ಗ ಸುರು ಆದವು. ಸಾಕ ಮಾಡು' ಎಂದು ಎದ್ದು ಹೋಗುತ್ತಿದ್ದ. ಉಪಕಾರ ಸ್ಮರಣೆ ಅಷ್ಟಕ್ಕೇ ಮುಗಿಯಿತು! 'ನಮ್ಮ ಮಗ್ಗ ನಿಂತ್ರ ಅಜ್ಜೀ ಮಗ್ಗ ಸುರು ಆಗತೈತಿ ನೋಡ್ರಿ' ಎಂದು ಪಕ್ಕದ ಶೆಡ್ಡಿನ ಮಾಲಕ ಪರಪ್ಪಣ್ಣ ನಗುತ್ತಿದ್ದ.

ಕರೆಂಟಿದ್ದೂ ಮಗ್ಗ ನಿಲ್ಲುತ್ತಿದ್ದದ್ದು ಓಣಿಯಲ್ಲಿ ಯಾರಾದರೂ ತೀರಿಕೊಂಡಾಗ. ಹೆಣ ಓಣಿ ದಾಟುವವರೆಗೆ ಯಾರೂ ಮಗ್ಗ ಹಚ್ಚಬಾರದು, ಅದು ಹಿರಿಯರ ಕಾಲದ ಕಟ್ಟಳೆ. ಅಂಥ ದಿನ ಅಜ್ಜಿ ಕಾಕಾನನ್ನು ಒಳಕೋಣೆಗೆ ಕರೆದುಕೊಂಡು, ಬಾಗಿಲು ಮುಚ್ಚಿ, ಮಣೆಯ ಮೇಲೆ ಅರಿವೆ ಹಾಸಿ ಮೆತ್ತಗೆ ಬಾರಿಸುತ್ತಿದ್ದಳು. ಇಂದು ಇದಕ್ಕೆಲ್ಲ ಆಟಿಸಂ ಎಂಬ ಹೆಸರಿದೆ. ಆಗ ಆ ಶಬ್ದ ಇನ್ನೂ ನಮ್ಮೂರಿನ ಬಸ್ಸು ಹತ್ತಿರಲಿಲ್ಲ. ನಮ್ಮ ಪಾಲಿಗೆ ಅವನು ಕಾಕಾ, ಅಷ್ಟೆ.

ಎಲ್ಲ ಸುರಳೀತ ನಡೆದಿತ್ತು, ಹೋಳಿಗೆ ಬರುವವರೆಗೆ. ದೊಡ್ಡಪ್ಪ ತಮ್ಮ ಮಗಳ ಸಂಬಂಧಕ್ಕಾಗಿ ಮುಧೋಳದ ಬೀಗರನ್ನು ನಮ್ಮ ಮನೆಗೇ ಊಟಕ್ಕೆ ಕರೆತಂದರು. ನಮ್ಮ ಕಡೆಯ ಪಂಕ್ತಿಯ ಪದ್ಧತಿ ನಿಮಗೆ ಗೊತ್ತೇ ಇದೆ. ಉಣ್ಣುವವರು 'ಸಾಕ್ರೀ, ಬ್ಯಾಡ್ರೀ' ಎಂದು ತಾಟಿಗೆ ಕೈ ಅಡ್ಡ ಹಿಡಿಯಬೇಕು, ಬಡಿಸುವವರು ಆ ಕೈಯ ಸಂದಿಯಲ್ಲೇ ಇನ್ನೆರಡು ಜಾರಿಸಬೇಕು. ಅವತ್ತು ಹೋಳಿಗೆಯ ಬುಟ್ಟಿ ಯಾವ ಪುಣ್ಯಾತ್ಮರು ಕಾಕಾನ ಕೈಗೆ ಕೊಟ್ಟರೋ! ಒಂದೂ ಹೋಳಿಗೆ ಬೀಳುವ ಮೊದಲೇ ಬೀಗರು ರೂಢಿಯಂತೆ 'ಬ್ಯಾಡ್ರೀ' ಎಂದರು. 'ಛಲೋ ಆತು' ಎಂದು ಕಾಕಾ ಬುಟ್ಟಿಯನ್ನು ಒಳಗೆ ಒಯ್ದು ಅಟ್ಟದ ಮೇಲಿಟ್ಟು, ಏಣಿಯನ್ನೂ ತೆಗೆದಿಟ್ಟ.

ಬೀಗರು ಅಡುಗೆಮನೆಯ ಬಾಗಿಲು ನೋಡಿ ನೋಡಿ ಅನ್ನ ಸಾರು ಉಂಡು ಎದ್ದರು. ಹೊರಡುವಾಗ ಪಾಪ, 'ಊಟ ಬಾಳ ಛಲೋ ಆತ್ರಿ' ಎಂದರು. ಕಾಕಾ ಬಿಟ್ಟಾನೆಯೇ?

'ಹೋಳಗಿ ತಿನ್ನಲೇ ಇಲ್ಲ. ಛಲೋ ಹೆಂಗಾತು?'

ಸಂಬಂಧ ಮುರಿದುಬಿತ್ತು. ದೊಡ್ಡಪ್ಪ ಕೆಂಡವಾದರು. 'ಇವ ಇರೂತನಕ ಈ ಮನಿಗೆ ಬೀಗರು ಬರೂದಿಲ್ಲ. ಇಂಥವ್ರನ್ನ ಇಟಗೊಳ್ಳೋ ಆಶ್ರಮ ಅದಾವು. ಡಾಕ್ಟರ ಕಡೆ ಬುದ್ಧಿ ಪರೀಕ್ಷೆ ಮಾಡ್ಸಿ, ಬುದ್ಧಿ ಕಮ್ಮಿ ಅಂತ ಬರಸ್ಕೊಂಡು ಬರ್ರಿ. ನಾ ಸೇರಸ್ತೀನಿ' ಎಂದರು. ಅಪ್ಪ ಅಣ್ಣನಿಗೆ ಎದುರಾಡುವ ಗಂಡಸಲ್ಲ. 'ಫೇಲಾದ್ರ ಕಳಸೂಣು, ಪಾಸಾದ್ರ ಇರ್ಲಿ' ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟ. ಆ ವಾರವೆಲ್ಲ ಅಜ್ಜಿಯ ರೊಟ್ಟಿ ಹೊತ್ತುತ್ತಲೇ ಇದ್ದವು.

ಪರೀಕ್ಷೆಯಾದದ್ದು ಬೆಳಗಾವಿಯಲ್ಲಿ. ಅಪ್ಪ ಅದನ್ನು ಮುಂದೆ ಬಂದವರೆದುರೆಲ್ಲ ಅಭಿನಯಿಸಿ ತೋರಿಸುತ್ತಿದ್ದ. ಡಾಕ್ಟರು ಮೈಸೂರು ಕಡೆಯವರು, ತೂಕದ ಮಾತು.

'ನಿಮ್ಮ ಹತ್ತಿರ ನಾಲ್ಕು ಮಾವಿನಹಣ್ಣುಗಳಿವೆ. ಎರಡನ್ನು ನನಗೆ ಕೊಟ್ಟರೆ ಎಷ್ಟು ಉಳಿಯುತ್ತವೆ?'

'ನನ್ನ ಹತ್ರ ಹಣ್ಣಿಲ್ಲ.'

'ಇವೆ ಎಂದು ತಿಳಿದುಕೊಳ್ಳಿ.'

'ಇಲ್ಲ ಅಂತ ಗೊತ್ತೈತಲ್ರಿ!'

'ಹೋಗಲಿ. ಮಳೆ ಬಂದರೆ ಏನು ಮಾಡುತ್ತೀರಿ?'

ಕಾಕಾ ಎದ್ದು ಕಿಟಕಿಯಿಂದ ಆಕಾಶ ನೋಡಿ ಬಂದು ಕೂತ. 'ಬರೂದಿಲ್ರಿ' ಎಂದ.

ಕೊನೆಗೆ ಬಣ್ಣದ ಚೌಕಗಳನ್ನು ಕೊಟ್ಟು, ಚಿತ್ರದಲ್ಲಿದ್ದಂತೆ ಜೋಡಿಸಲು ಹೇಳಿದರು. ಕಾಕಾ ಚಿತ್ರದ ಕಡೆ ತಿರುಗಿಯೂ ನೋಡದೆ ಎದುರಿಗೆ ಕೂತಿದ್ದ ಅಜ್ಜಿಯ ಸೀರೆಯ ದಡಿ ನೋಡಿ ಹಾಗೆಯೇ ಜೋಡಿಸಿದ. ಡಾಕ್ಟರು ಸೊನ್ನೆ ಬರೆದರು. 'ಬಾಳ ಛಂದ ಬಂದೈತಿ' ಎಂದಳು ಅಜ್ಜಿ.

ಡಾಕ್ಟರು ಲೆಕ್ಕ ಮಾಡುವಷ್ಟರಲ್ಲಿ ಅಪ್ಪ ಬಸ್ಸಿನಲ್ಲಿ ಸೀಟು ಹಿಡಿಯಲು ಓಡಿದ. ಹಿಂದಿನಿಂದ ಅಜ್ಜಿ ಕಾಕಾನ ಕೈ ಹಿಡಿದು ಬಂದಳು. ಮುಖ ಹೊಳೆಯುತ್ತಿತ್ತಂತೆ.

'ಅರವತ್ತೆರಡು ಬಿದ್ದಾವು. ಫಸ್ಟ್ ಕ್ಲಾಸ್!'

ಅಪ್ಪ ಬೆರಗಾದ. ಅರವತ್ತು ದಾಟಿದರೆ ಫಸ್ಟ್ ಕ್ಲಾಸ್ ಎಂಬುದು ಮೂವತ್ತೈದಕ್ಕೆ ಏದುಸಿರು ಬಿಟ್ಟ ನಮ್ಮಂಥವರಿಗೆ ಗೊತ್ತಿರದೆ ಇರುತ್ತದೆಯೇ? ಬಸ್ಸು ಇಳಿದವಳೇ ಅಜ್ಜಿ ಪೇಢೆ ಕೊಂಡು ಓಣಿಯ ಮನೆ ಮನೆಗೂ, ಶೆಡ್ಡು ಶೆಡ್ಡಿಗೂ ತಾನೇ ಹೋಗಿ ಹಂಚಿದಳು. 'ನನ್ನ ಮಗ ಪಾಸಾಗ್ಯಾನ, ಬಾಯಿ ಸಿಹಿ ಮಾಡ್ಕೊಳ್ರಿ.' ಪರಪ್ಪಣ್ಣ ಎರಡು ತಿಂದ. ಕಾಕಾ ಒಂದೂ ತಿನ್ನಲಿಲ್ಲ, ಪೇಢೆ ಕೈಗೆ ಅಂಟುತ್ತದೆ ಎಂದು.

ದೊಡ್ಡಪ್ಪ ಕಾಕಾನನ್ನು ಕರೆದೊಯ್ಯಲು ಬಂದಾಗ ಓಣಿಯೇ ನಮ್ಮ ಕಟ್ಟೆಗೆ ನೆರೆದಿತ್ತು. ಅವರು ಡಾಕ್ಟರ ಚೀಟಿ ಓದಿ ತಲೆ ತಲೆ ಬಡಿದುಕೊಂಡರು. 'ಇದು ಸಾಲಿ ಮಾರ್ಕ ಅಲ್ರೋ! ಇದರಾಗ ಸಾಧಾರಣ ಮನಷ್ಯಾಗ ನೂರು ಇರತೈತಿ!'

'ಸಾಧಾರಣದವಗ ನೂರೇನ್ರಿ?' ಎಂದ ಪರಪ್ಪಣ್ಣ. 'ಎಲ್ಲಾರಿಗೂ ನೂರ ಬಿದ್ರ ಪರೀಕ್ಷೆ ಯಾಕ್ರಿ ಮತ್ತ?'

ದೊಡ್ಡಪ್ಪ ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಳು. 'ನಿನಗ ಮ್ಯಾಟ್ರಿಕ್‌ನ್ಯಾಗ ಎಷ್ಟು ಬಿದ್ದಿದ್ದುವೋ ಯಪ್ಪಾ?'

'ಅದು... ನಲವತ್ಮೂರು.'

'ನಿನ್ನ ಯಾವ ಆಶ್ರಮಕ್ಕ ಹಾಕಿದ್ವಿ?'

ಓಣಿ ಗೊಳ್ಳೆಂದಿತು. ದೊಡ್ಡಪ್ಪ ಅದೇ ಬಸ್ಸಿಗೆ ಹಿಂದಿರುಗಿದರು. ಕಾಕಾ ಉಳಿದ.

ಎಷ್ಟೋ ವರ್ಷದ ಮೇಲೆ ಜಮಖಂಡಿಯಲ್ಲಿ ಬಿ.ಎಡ್. ಓದುವಾಗ ಬುದ್ಧಿಮಾಪನದ ಪಾಠ ಬಂತು. ನಮ್ಮ ಫಸ್ಟ್ ಕ್ಲಾಸಿನ ಬಂಡವಾಳ ನನಗೆ ಬಯಲಾದದ್ದು ಆಗ. ಆದರೂ ಒಂದು ಮಾತು ನನಗೆ ಇವತ್ತಿಗೂ ತಿಳಿದಿಲ್ಲ. ಆ ಅರವತ್ತೆರಡು ಯಾವುದರ ಅಳತೆ? ಇಲ್ಲದ ಹಣ್ಣನ್ನು ಇದೆ ಎನ್ನುವ ಜಾಣತನದ್ದೇ? ಅವ್ವನ ಸೀರೆಯ ದಡಿ ಕಣ್ಣಲ್ಲಿ ತುಂಬಿಕೊಂಡವನಿಗೆ ಯಾವ ಲೆಕ್ಕದಲ್ಲಿ ಸೊನ್ನೆ? ಇರಲಿ. ಹೊಸ ವಿದ್ಯೆಯ ಹುರುಪಿನಲ್ಲಿ ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ವಿವರಿಸಿದೆ. ಅವಳು ಜೋಳ ಹಸನು ಮಾಡುತ್ತಿದ್ದಳು. ತಲೆ ಎತ್ತಲಿಲ್ಲ.

'ಗೊತ್ತೈತಿ. ಡಾಕ್ಟರು ಅವತ್ತ ತಿಳಿಸಿ ಹೇಳಿದ್ರು.'

'ಮತ್ತ ಪೇಢೆ ಹಂಚಿದಿ?'

'ಪೇಢೆ ತಿಂದ ಬಾಯಿಲೆ ಹುಚ್ಚ ಅನ್ನಾಕ ಯಾರಿಗಾದ್ರೂ ಮನಸ್ ಬರ್ತೈತೇನು? ನಾ ಹೋದ ಮ್ಯಾಲೂ ಅವ ಈ ಓಣ್ಯಾಗ ಬಾಳಬೇಕಲ್ಲೋ ತಮ್ಮಾ.'

ನಾನು ಅವಳ ಜೊತೆ ಕಲ್ಲು ಆರಿಸುತ್ತ ಕೂತೆ.

ಅಜ್ಜಿ ಹೋದದ್ದು ಒಂದು ಮುಂಜಾನೆ, ಮಲಗಿದ್ದಲ್ಲೇ. ಕಟ್ಟಳೆಯಂತೆ ಓಣಿಯ ಮಗ್ಗಗಳೆಲ್ಲ ನಿಂತವು. ಕಾಕಾ ಅಳಲಿಲ್ಲ. 'ಮಗ್ಗ ನಿಂತಾವು! ಮಗ್ಗ ನಿಂತಾವು!' ಎಂದು ಕಿವಿ ಹಿಡಿದುಕೊಂಡು ಜನರ ನಡುವೆ ಓಡಾಡಿದ. ಅಪ್ಪ ಹಿಡಿಯಹೋದರೆ ಕೊಸರಿಕೊಂಡ. ಆಮೇಲೆ ಅಡುಗೆಮನೆಗೆ ಹೋಗಿ ಲಟ್ಟಣಿಗೆ, ಮಣೆ ತಂದು ಅಜ್ಜಿಯ ಪಕ್ಕ ಇಟ್ಟು, ಅವಳ ಕೈಯನ್ನು ಮಣೆಯ ಮೇಲಿಟ್ಟ. ಪಕ್ಕದಲ್ಲಿ ಕೂತು ಕಾಯತೊಡಗಿದ.

ಯಾರಿಗೂ ಅದನ್ನು ನೋಡಲಾಗಲಿಲ್ಲ. ನಾನು ಲಟ್ಟಣಿಗೆ ಎತ್ತಿಕೊಂಡು ಮಣೆಯ ಅಂಚಿಗೆ ಬಾರಿಸಿದೆ, ಅಜ್ಜಿಯ ತಾಳ ಬರಲಿಲ್ಲ. ಆಗ ಪರಪ್ಪಣ್ಣ ಎದ್ದ. 'ಎಲ್ಲಿಗೆ?' ಎಂದು ಓಣಿಯ ಹಿರಿಯರೊಬ್ಬರು ತಡೆದರು. 'ಹೆಣ ಇನ್ನ ಒಳಗೈತಿ. ಮಗ್ಗ ಹಚ್ಚತಾರೇನೋ?'

'ನಾ ಆಕಿ ಪೇಢೆ ತಿಂದೀನ್ರಿ' ಎಂದು ಪರಪ್ಪಣ್ಣ ಕಣ್ಣೊರೆಸಿಕೊಳ್ಳುತ್ತ ಶೆಡ್ಡಿಗೆ ನಡೆದ.

ಮೊದಲು ಅವನ ಮಗ್ಗ, ಆಮೇಲೆ ಎದುರಿನದು, ಆಮೇಲೆ ಓಣಿಯದೆಲ್ಲ. ಮನೆಯ ಗೋಡೆಗಳು ಎಂದಿನಂತೆ ಅದುರಿದವು. ಕಾಕಾ ಕಿವಿಯಿಂದ ಕೈ ತೆಗೆದ. ಅಜ್ಜಿಯ ಮೇಲೆ ಬಾಗಿ, ಅವಳ ಕೈಯನ್ನು ಮಣೆಯಿಂದ ಮೆಲ್ಲಗೆ ಸರಿಸಿದ.

'ಯವ್ವಾ, ಮಗ್ಗ ಸುರು ಆದವು. ಸಾಕ ಮಾಡು.'