ಜನಾಭಿಪ್ರಾಯ ಫಲಕದ ಏಳನೇ ನಿಯಮ

ತೊರೆಹುಣಸೆ ಉಪ ರೇಷ್ಮೆಗೂಡು ಮಾರುಕಟ್ಟೆಯ ಗಣಕೀಕರಣವು ೨೦೦೩ನೇ ಇಸವಿಯಲ್ಲಿ ನೂರಕ್ಕೆ ನೂರು ಯಶಸ್ವಿಯಾಯಿತೆಂದು ಕಡತದಲ್ಲಿ ದಾಖಲಾಗಿದೆ. ಆ ಹಂಗಾಮಿನಲ್ಲಿ ಅಲ್ಲಿ ಒಂದೇ ಒಂದು ಗೂಡೂ ಮಾರಾಟವಾಗಲಿಲ್ಲವೆಂಬುದೂ ನಿಜ. ಆದರೆ ಅದನ್ನು ನಮೂದಿಸಲು ತಂತ್ರಾಂಶದಲ್ಲಿ ಜಾಗ ಮಾಡಿರಲಿಲ್ಲವಾದ್ದರಿಂದ ಆ ಸಂಗತಿಯನ್ನು ಇಲಾಖೆ ಪರಿಗಣಿಸಿಲ್ಲ.

ಕೊಳ್ಳೇಗಾಲದಲ್ಲಿ ಹನೂರಿನ ಬಸ್ಸು ಹತ್ತಿ ‘ಗೂಡಿನ ಶೆಡ್ಡು’ ಎಂದರೆ ಸಾಕು, ಕಂಡಕ್ಟರು ಅಲ್ಲಿ ಇಳಿಸುತ್ತಿದ್ದ. ತಗಡಿನ ಸೂರು, ಗೂಡು ಸುರಿಯಲು ಜಾಲರಿಯ ತಟ್ಟೆಗಳು, ಒಂದು ತೂಕದ ಯಂತ್ರ, ಗಾಜಿನ ಕೋಣೆಯೊಳಗೆ ಒಂದು ಕಂಪ್ಯೂಟರು. ಆ ಕೋಣೆಗೆ ಚಪ್ಪಲಿ ಬಿಟ್ಟೇ ಹೋಗಬೇಕು. ಒಳಗೆ ಕೂರುತ್ತಿದ್ದವನು ದ್ವಿತೀಯ ದರ್ಜೆ ಸಹಾಯಕ ಜಡೇಸ್ವಾಮಿ. ಸಂಜೆ ಹೊತ್ತು ಕೊಳ್ಳೇಗಾಲದಲ್ಲಿ ಕಂಪ್ಯೂಟರ್ ಕಲಿತ ತಪ್ಪಿಗೆ ಅವನ ಕೊರಳಿಗೆ ಎರಡು ಹುದ್ದೆ ಒಟ್ಟಿಗೆ ಬಿದ್ದಿದ್ದವು. ಹರಾಜು ನಡೆಸುವ ‘ಗೂಡುಮಿತ್ರ’ ಎಂಬ ತಂತ್ರಾಂಶದ ನಿರ್ವಾಹಕ ಅವನೇ. ಆ ತಂತ್ರಾಂಶದ ಬಗ್ಗೆ ನಾಡಿನ ಜನ ಅಂತರ್ಜಾಲದಲ್ಲಿ ಬರೆಯುವ ‘ಜನಾಭಿಪ್ರಾಯ ಫಲಕ’ದ ಮೇಲ್ವಿಚಾರಕನೂ ಅವನೇ. ಸಂಬಳ ಮಾತ್ರ ಒಂದೇ ಇತ್ತು.

ಜಡೇಸ್ವಾಮಿಯ ಹೆಂಡತಿ ದೀಪ ಹೆರಿಗೆಗೆಂದು ಹನೂರಿನಾಚೆಯ ತವರಿಗೆ ಹೋದವಳು ಇನ್ನೂ ಬಂದಿರಲಿಲ್ಲ. ಮಗಳು ಹುಟ್ಟಿ ಮಗುಚಿಕೊಳ್ಳುವುದನ್ನೂ ಕಲಿತಿದ್ದಳು. ಅಪ್ಪ ಅದನ್ನು ಕಣ್ಣಾರೆ ನೋಡಿರಲಿಲ್ಲ. ಉಪ್ಪಿಟ್ಟು ತಿಂದು ತಿಂದು ಅವನಿಗೆ ರವೆಯ ಡಬ್ಬ ಕಂಡರೆ ಅಳು ಬರುತ್ತಿತ್ತು. ಅತ್ತೆ ಚಿಕ್ಕಮಾದಮ್ಮ ಮಾತು ಕೊಟ್ಟಿದ್ದರು: ‘ಈ ಸಲದ ಗೂಡು ಮಾರ್ಕಂಡು ತೊಟ್ಲು ಶಾಸ್ತ್ರ ಮಾಡಿ, ನಾನೇ ಕರ್ಕಂಡು ಬಂದು ಬುಟ್ಟೋಯ್ತೀನಿ.’ ಗೂಡನ್ನು ಎಂದಿನಂತೆ ಕೊಳ್ಳೇಗಾಲಕ್ಕೇ ಒಯ್ಯಬೇಕೆಂದಿದ್ದವರನ್ನು ತಡೆದವನು ಜಡೇಸ್ವಾಮಿ. ಹೊಸ ಗಣಕದಲ್ಲಿ ಮೊದಲನೇ ಲಾಟು ನಮ್ಮ ಅತ್ತೆಯದೇ ಆಗಲಿ ಎಂಬ ಹೆಮ್ಮೆ ಅವನಿಗೆ.

ಹಾಗೆ ಚಿಕ್ಕಮಾದಮ್ಮನ ಹಳದಿ ಗೂಡು ತಟ್ಟೆಗೆ ಬಿತ್ತು, ತೂಕವಾಯಿತು, ಒಂದನೇ ಲಾಟೆಂದು ಗಣಕ ಸೇರಿತು. ಹರಾಜು ಮರುದಿನಕ್ಕಿತ್ತು. ಜಡೇಸ್ವಾಮಿ ಅತ್ತೆಯನ್ನು ಗಾಜಿನ ಕೋಣೆಗೆ ಕರೆದು ಪರದೆ ತೋರಿಸಿದ. ಸ್ವಾಗತ ಎಂಬ ಪದದ ಕೆಳಗೆ ಒಂದು ಗೂಡಿನ ಚಿತ್ರವಿತ್ತು. ಅದು ಬಿಳಿಯದು.

“ಇದ್ಯಾಕ ಕೋಳಿಮೊಟ್ಟ ಮಡಗಿರದು?” ಎಂದರು ಚಿಕ್ಕಮಾದಮ್ಮ. ಅಷ್ಟು ಹೇಳಿ ಹೊರಗೆ ಬಂದು ಬೆಂಚಿನ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡರು. ಚಿತ್ರದ ಬಗ್ಗೆ ಅವರಿಗಿದ್ದ ಅಭಿಪ್ರಾಯ ಅಲ್ಲಿಗೆ ಮುಗಿದಿತ್ತು.

ನಾಡಿನ ಜನರಿಗೆ ಮುಗಿದಿರಲಿಲ್ಲ. ಅದೇ ಚಿತ್ರ ಫಲಕದ ನೆತ್ತಿಯ ಮೇಲೂ ಇತ್ತು. ಅಂದೇ ಮಧ್ಯಾಹ್ನ ಫಲಕದಲ್ಲಿ ‘ನೇರನುಡಿ’ ಎಂಬ ಹೆಸರಿಟ್ಟುಕೊಂಡ ಬೆಂಗಳೂರಿನವರೊಬ್ಬರು ಬರೆದರು: ‘ಚಿತ್ರದ ಗೂಡು ಬಿಳಿ. ಆ ಸೀಮೆಯ ರೈತ ಬೆಳೆಯುವುದು ಹಳದಿ. ಇದು ಆಕಸ್ಮಿಕವೇ?’ ಹಾಗೆ ಕೇಳಿದ ಮೇಲೆ ಯಾವುದಾದರೂ ಆಕಸ್ಮಿಕವಾಗಿ ಉಳಿಯುವುದುಂಟೆ? ‘ಸಿಲ್ಕ್‌ಕಿಂಗ್’ ಎಂಬವರು, ಬಿಳಿ ಗೂಡೇ ನಾಳಿನ ಗೂಡು, ಹಳದಿಯನ್ನು ಹಿಡಿದು ಕೂತವರಿಂದಲೇ ದೇಶ ಹಿಂದುಳಿದದ್ದು ಎಂದರು. ಮೂರನೆಯವರು, ಇಡೀ ತಂತ್ರಾಂಶವನ್ನು ಬಿಸಾಡಿ ಬೇರೆ ಕಂಪ್ಯೂಟರ್ ಭಾಷೆಯಲ್ಲಿ ಬರೆಯಬೇಕೆಂದರು. ಇನ್ನೊಬ್ಬರ ಪರದೆಯಲ್ಲಿ ಗೂಡು ತಿಳಿಹಸಿರಾಗಿ ಕಾಣುತ್ತಿತ್ತು. ಉಳಿದವರೆಲ್ಲರ ಪರದೆ ಕೆಟ್ಟಿದೆಯೆಂದು ಅವರು ಸಾಧಿಸಿದರು. ಒಬ್ಬರು ಮನನೊಂದು, ಇನ್ನೆಂದೂ ಈ ಕಡೆ ತಲೆ ಹಾಕುವುದಿಲ್ಲವೆಂದು ಉದ್ದನೆಯ ವಿದಾಯ ಬರೆದು, ತಮ್ಮ ವಿದಾಯಕ್ಕೆ ಯಾರು ಏನೆಂದರೆಂದು ನೋಡಲು ಅರ್ಧ ಗಂಟೆಯಲ್ಲಿ ಮರಳಿ ಬಂದರು. ‘ಇಲ್ಲಿ ಯಾರಾದರೂ ರೇಷ್ಮೆಹುಳ ಸಾಕಿದ್ದೀರಾ?’ ಎಂದು ಯಾರೋ ಕೇಳಿದ್ದನ್ನು, ಎರಡೂ ಪಂಗಡಗಳ ದೂರಿನ ಮೇರೆಗೆ, ವೈಯಕ್ತಿಕ ನಿಂದನೆಯೆಂದು ಜಡೇಸ್ವಾಮಿ ತೆಗೆದುಹಾಕಿದ.

ಮರುದಿನ ಸುತ್ತೋಲೆ ಬಂತು. ಮಾರುಕಟ್ಟೆ ಅಧಿಕಾರಿ ದೊಡ್ಡಸಿದ್ದಯ್ಯನವರು ಅದನ್ನು ಎದ್ದು ನಿಂತು ಓದಿದರು: ‘ಚರ್ಚೆ ಚಾಲ್ತಿಯಲ್ಲಿರುವಾಗ ತಂತ್ರಾಂಶವನ್ನು ಬಳಸಿದಲ್ಲಿ ಒಂದು ಪಕ್ಷವನ್ನು ಬೆಂಬಲಿಸಿದಂತಾಗುವುದರಿಂದ, ಒಮ್ಮತ ಮೂಡುವವರೆಗೆ ಹರಾಜನ್ನು ತಡೆಹಿಡಿಯತಕ್ಕದ್ದು. ಗಣಕೀಕರಣ ಪೂರ್ಣಗೊಂಡಿರುವುದರಿಂದ ಬಾಯಿಹರಾಜು ನಡೆಸತಕ್ಕದ್ದಲ್ಲ. ಗಣಕದಲ್ಲಿ ದಾಖಲಾದ ಲಾಟನ್ನು ಹರಾಜಾಗದೆ ಹೊರಗೆ ಬಿಡತಕ್ಕದ್ದಲ್ಲ.’ ದಾಖಲಾಗಿದ್ದದ್ದು ಒಂದೇ ಲಾಟು. ಮಿಕ್ಕ ಬೆಳೆಗಾರರು ಬಾಗಿಲಲ್ಲೇ ಸುದ್ದಿ ಕೇಳಿ ಚೀಲಗಳನ್ನು ಅದೇ ಬಸ್ಸಿಗೆ ಹಾಕಿಕೊಂಡು ಕೊಳ್ಳೇಗಾಲಕ್ಕೆ ಹೋಗಿದ್ದರು.

ಚಿಕ್ಕಮಾದಮ್ಮ ದಿನಾ ಬೆಳಗಿನ ಬಸ್ಸಿಗೆ ಬಂದು ಗೂಡಿನ ಪಕ್ಕ ಕೂರತೊಡಗಿದರು.

“ಯಾನ ಅಳಿಮಯ್ಯ, ನನ್ ಲಾಟ ಯಾವಾಗ ಕೂಗ್ತರ?”

“ವಸಿ ತಡ ಆಯ್ತದ ಅತ್ತೆ. ಬಣ್ಣದ ಚರ್ಚೆ ನಡೀತಾ ಅದ.”

“ಬಣ್ಣ ಇಲ್ಲೇ ಅದಲ್ಲ, ತಟ್ಟ ತುಂಬ. ಬಂದು ನೋಡ್ಕಳಿ ಅನ್ನಿ.”

“ಅವ್ರು ಬೆಂಗಳೂರಲ್ಲಿ ಅವ್ರೆ.”

“ಬೆಂಗಳೂರೋರ್ಗ ನನ್ ಗೂಡ್ಯಾಕ?”

“ಗೂಡು ಬ್ಯಾಡ ಅತ್ತೆ ಅವ್ರಿಗೆ. ಅಭಿಪ್ರಾಯ ಬೇಕು.”

ಚಿಕ್ಕಮಾದಮ್ಮ ಒಂದು ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. “ವಳಗಿರ ಉಳ ನಿಮ್ ಚರ್ಚೆ ಮುಗೀಲಿ ಅಂತ ಕಾಯ್ತದ? ಚಿಟ್ಟ ಆಗಿ ತೂತ ಮಾಡ್ಕಂಡು ಎದ್ದೋಯ್ತದ. ಆಮೇಲ ಆ ಗೂಡ ರೀಲರು ಮೂಸ್ ನೋಡಲ್ಲ. ಇದ ನಿಮ್ ಸಾಹೇಬ್ರಿಗ ಯೋಳಿ.”

ಅದು ನಿಜ. ತೂತಾದ ಗೂಡಿನ ಎಳೆ ಕಡಿದುಹೋಗಿರುತ್ತದೆ, ಗೂಡು ಕೊಂಡು ನೂಲು ಬಿಚ್ಚುವ ರೀಲರಿಗೆ ಅದು ಪ್ರಯೋಜನಕ್ಕೆ ಬಾರದು. ಜಡೇಸ್ವಾಮಿ ಓಡಿಹೋಗಿ ದೊಡ್ಡಸಿದ್ದಯ್ಯನವರಿಗೆ ಹೇಳಿದ. ಅವರು ಕನಿಕರದವರು. “ಪಾಪ,” ಎಂದರು. “ಆದ್ರೆ ಬಾಯಲ್ಲಿ ಹೇಳಿದ್ದನ್ನ ತಗೊಳ್ಳೋಕೆ ಬರಲ್ಲ ಕಣ್ರಿ ಜಡೇಸ್ವಾಮಿ. ಫಲಕಕ್ಕೆ ಹಾಕ್ಸಿ. ನಾಡಿನ ಜನ ನೋಡಿ ಒಪ್ಪಿದ್ರೆ ನಂದೇನಿದೆ?”

ಜಡೇಸ್ವಾಮಿ ಅತ್ತೆಯನ್ನು ಎದುರಿಗೆ ಕೂರಿಸಿಕೊಂಡು, ಫೋನಿನ ತಂತಿ ಕಿರುಗುಟ್ಟಿ ಅಂತರ್ಜಾಲ ಸಿಕ್ಕುವವರೆಗೆ ಕಾದು, ಅವರ ಮಾತನ್ನು ಬರೆದ: ‘ಗೂಡು ತೂತಾಗುತ್ತದೆ. ಬೇಗ ಹರಾಜು ಮಾಡಿ. ಇಂತಿ ಚಿಕ್ಕಮಾದಮ್ಮ.’ ಅದು ಫಲಕದಲ್ಲಿ ಮೂಡಿತು. ಅಲ್ಲಿಗೆ ನಿರ್ವಾಹಕನ ಕೆಲಸ ಮುಗಿದು, ಅದೇ ಕುರ್ಚಿಯಲ್ಲಿ ಮೇಲ್ವಿಚಾರಕನ ಕೆಲಸ ಶುರುವಾಯಿತು. ಏಳನೇ ನಿಯಮ ಹೀಗಿತ್ತು: ‘ಚರ್ಚೆಯ ವಿಷಯಕ್ಕೆ ಸಂಬಂಧಪಡದ ಅಭಿಪ್ರಾಯವನ್ನು ಮೇಲ್ವಿಚಾರಕರು ಕೂಡಲೇ ತೆಗೆದುಹಾಕತಕ್ಕದ್ದು, ಹಾಗೂ ತೆಗೆದುಹಾಕಿದ ಬಗ್ಗೆ ಮುದ್ರಿತ ಸ್ವೀಕೃತಿ ನೀಡತಕ್ಕದ್ದು.’ ಚರ್ಚೆಯ ವಿಷಯ ಬಣ್ಣ. ತೂತು ಬಣ್ಣವಲ್ಲ. ಜಡೇಸ್ವಾಮಿಗೆ ಮಗಳ ಮುಖ ಕಣ್ಣಿಗೆ ಕಟ್ಟಿತು. ಆದರೂ ತೆಗೆದುಹಾಕಿದ. ಆಮೇಲೆ ಸ್ವೀಕೃತಿಯನ್ನು ಮುದ್ರಿಸಿ ಅತ್ತೆಯ ಕೈಗೆ ಕೊಟ್ಟ.

“ಯಾನ ಬರ್ದದ ಇದ್ರಲ್ಲಿ?”

“ನಿಮ್ ಅಭಿಪ್ರಾಯ ಬಂತು, ಬಣ್ಣದ ಮಾತಿಲ್ದೆ ಇದ್ದಿದ್ಕೆ ತೆಗ್ದಾಯ್ತು ಅಂತ.”

“ತೆಗ್ದೋರ್ಯಾರು?”

“ಮೇಲ್ವಿಚಾರಕರು.”

“ಎಲ್ಲವ್ರ ಅವ್ರು? ನಾನೇ ಓಗಿ ಕೇಳ್ತೀನಿ.”

ಜಡೇಸ್ವಾಮಿ ತಿರುಗುವ ಫ್ಯಾನನ್ನು ನೋಡಿದ, ಕ್ಯಾಲೆಂಡರನ್ನು ನೋಡಿದ. “ನಾನೇ ಅತ್ತೆ,” ಎಂದ.

ಚಿಕ್ಕಮಾದಮ್ಮ ಅಳಿಯನನ್ನು ಒಂದು ಗಳಿಗೆ ದಿಟ್ಟಿಸಿದರು. ಮಗಳನ್ನು ಕೊಡುವ ಮುಂಚೆ ಹುಡುಗನನ್ನು ಇಷ್ಟು ಸೂಕ್ಷ್ಮವಾಗಿ ನೋಡಿರಲಿಲ್ಲವಲ್ಲ ಎಂಬ ಭಾವ ಅವರ ಮುಖದಲ್ಲಿತ್ತು. “ಬಣ್ಣ ಸೇರ್ಸುದ್ರ ಉಳಿತದ? ಅಂಗಾರ ‘ಹಳದಿ ಗೂಡು ತೂತಾಯ್ತದ’ ಅಂತ ಬರೀರಿ,” ಎಂದರು.

ಈ ಸಲ ಅಭಿಪ್ರಾಯ ಉಳಿಯಿತು. ಸಂಜೆಯೊಳಗೆ ಹಳದಿ ಪಂಗಡದವರು ಚಿಕ್ಕಮಾದಮ್ಮನನ್ನು ತಮ್ಮ ನಾಯಕಿಯೆಂದು ಸಾರಿದರು. ತೂತಾಗುವುದು ಹಳದಿಯೇ ಹೊರತು ಬಿಳಿಯಲ್ಲವೆಂದು ರೈತಮಹಿಳೆಯೇ ಒಪ್ಪಿದ್ದಾರೆಂದು ಬಿಳಿ ಪಂಗಡದವರು ಕುಣಿದಾಡಿದರು. ಮಾರನೆಯ ದಿನ ಸಿಲ್ಕ್‌ಕಿಂಗ್ ಒಂದು ಸೂಕ್ಷ್ಮವಾದ ಪ್ರಶ್ನೆಯೆತ್ತಿದರು. ಹನೂರಿನಾಚೆಯ ಹಳ್ಳಿಯ ಹೆಂಗಸು ಅಂತರ್ಜಾಲದಲ್ಲಿ ಬರೆಯುವುದೆಂದರೇನು? ಇದು ನೇರನುಡಿಯವರೇ ಕಟ್ಟಿದ ಹೆಸರು. ನೇರನುಡಿ ಅದನ್ನು ಎಷ್ಟು ಬಲವಾಗಿ ಅಲ್ಲಗಳೆದರೆಂದರೆ, ಅನುಮಾನವಿಲ್ಲದವರಿಗೂ ಅನುಮಾನ ಬಂತು. ಚಿಕ್ಕಮಾದಮ್ಮ ಎಂಬುವವರು ಇಲ್ಲವೆಂಬ ಕಡೆಗೆ ಬಹುಮತ ವಾಲಿತು. ಅವರು ಆಗ ಬೆಂಚಿನ ಮೇಲೆ ಕೂತು ಕಡ್ಲೆಪುರಿ ತಿನ್ನುತ್ತಿದ್ದರು.

ಸುದ್ದಿ ಪತ್ರಿಕೆಗೂ ತಲುಪಿತು. ವಾರಪತ್ರಿಕೆಯೊಂದರ ವರದಿಗಾರ ಸಿದ್ದಮಲ್ಲಪ್ಪ ಕ್ಯಾಮೆರಾ ನೇತುಹಾಕಿಕೊಂಡು ಬಂದ. ಚಿಕ್ಕಮಾದಮ್ಮನ ಪಕ್ಕದಲ್ಲೇ ಕೂತು, ಅವರು ಕೊಟ್ಟ ಪುರಿಯನ್ನೇ ತಿಂದು, ಅವರ ಊರು, ಬೆಳೆ, ಮೊಮ್ಮಗಳು ಎಲ್ಲವನ್ನೂ ಕೇಳಿಕೊಂಡು ಹೋಗಿ, ‘ಚಿಕ್ಕಮಾದಮ್ಮ ಇದ್ದಾರೆಯೇ?’ ಎಂದು ಮುಖಪುಟದಲ್ಲಿ ಬರೆದ. ಜಡೇಸ್ವಾಮಿ ಸಿಟ್ಟಿಗೆದ್ದು ಕೇಳಿದ್ದಕ್ಕೆ ಸಿದ್ದಮಲ್ಲಪ್ಪ ಬೇಸರಪಡಲಿಲ್ಲ.

“ಪತ್ರಿಕೆ ಅಂದ್ಮೇಲೆ ಎರಡೂ ಕಡೆ ಬರೀಬೇಕು ಸಾ,” ಎಂದ. “ಅವ್ವಾರು ಅವ್ರೆ ಅನ್ನದು ಒಂದು ಕಡೆ. ಅದನ್ನೂ ಮೂರನೇ ಪುಟದಲ್ಲಿ ಬರ್ದಿವ್ನಿ.”

ಆ ವಾರ ಹೀಗೇ ಕಳೆಯಿತು. ಒಂದು ಬೆಳಗ್ಗೆ ಜಡೇಸ್ವಾಮಿ ಶೆಡ್ಡಿನ ಬೀಗ ತೆಗೆದಾಗ ಒಳಗೆಲ್ಲ ಪರಪರ ಸದ್ದು. ತಟ್ಟೆಯ ತುಂಬ, ಕಂಬದ ಮೇಲೆ, ಗಾಜಿನ ಕೋಣೆಯ ಗೋಡೆಯ ಮೇಲೆ ಚಿಟ್ಟೆಗಳು. ಹಾರಲಾರದ ದಪ್ಪ ಚಿಟ್ಟೆಗಳು ರೆಕ್ಕೆ ಬಡಿಯುತ್ತ ಓಡಾಡುತ್ತಿದ್ದವು. ಒಂದು ಮಾತ್ರ ಹೇಗೋ ಒಳಗೆ ನುಗ್ಗಿ, ರಾತ್ರಿ ಆರಿಸಲು ಮರೆತಿದ್ದ ಪರದೆಯ ಬಿಳಿ ಗೂಡಿನ ಮೇಲೆ ಕೂತಿತ್ತು. ಬಸ್ಸಿಳಿದು ಬಂದ ಚಿಕ್ಕಮಾದಮ್ಮ ಬಾಗಿಲಲ್ಲೇ ನಿಂತರು. ಬೈಯಲಿಲ್ಲ. “ಓಯ್ತು ಬುಡಿ,” ಎಂದು ಸೆರಗಿನಿಂದ ಮುಖ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತೆಂದು ಜಡೇಸ್ವಾಮಿಗೆ ಅನ್ನಿಸಿತು.

ದೊಡ್ಡಸಿದ್ದಯ್ಯನವರು ಮಾತ್ರ ಚಿಟ್ಟೆಗಳನ್ನು ಬಗ್ಗಿ ನೋಡಿ ಸೆಟೆದು ನಿಂತರು. “ಜಡೇಸ್ವಾಮಿ, ಹಳದಿ ಗೂಡಿಂದ ಬಂದ್ರೂ ಬಿಳಿ ಗೂಡಿಂದ ಬಂದ್ರೂ ಚಿಟ್ಟೆ ಬೆಳ್ಳಗೇ ಅಲ್ವೇನ್ರಿ?”

“ಹೌದು ಸಾರ್.”

“ಮತ್ತೆ ಪರದೆಗೆ ಚಿಟ್ಟೇನೇ ಹಾಕಿದ್ರಾಯ್ತಲ್ರಿ!”

ಸಿದ್ದಮಲ್ಲಪ್ಪ ಬಂದು ಫೋಟೋ ತೆಗೆದ. ಫಲಕದಲ್ಲಿ ಒಂದೇ ಮಧ್ಯಾಹ್ನದಲ್ಲಿ ಒಮ್ಮತ ಮೂಡಿತು. ನೇರನುಡಿ ಮತ್ತು ಸಿಲ್ಕ್‌ಕಿಂಗ್ ಪರಸ್ಪರ ಅಭಿನಂದಿಸಿಕೊಂಡರು. ಇಲಾಖೆ ಸಣ್ಣದೊಂದು ಸಮಾರಂಭ ಏರ್ಪಡಿಸಿ, ಚಿಟ್ಟೆ ಒದಗಿಸಿದ್ದಕ್ಕಾಗಿ ಚಿಕ್ಕಮಾದಮ್ಮನಿಗೆ ಶಾಲು ಹೊದಿಸಿ ಪ್ರಶಸ್ತಿಪತ್ರ ಕೊಟ್ಟಿತು. ವಿವಾದ ಬೇಡವೆಂದು ಅದರಲ್ಲಿ ‘ಚಿಕ್ಕಮಾದಮ್ಮ ಎಂದು ಹೇಳಲಾದವರಿಗೆ’ ಎಂದು ಬರೆಸಲಾಗಿತ್ತು. ಹಿಂದೆಯೇ ಇನ್ನೊಂದು ಸುತ್ತೋಲೆ ಬಂತು: ಪರದೆಯ ಚಿತ್ರಕ್ಕೂ ಲಾಟಿಗೂ ತಾಳೆಯಿರಬೇಕಾದ್ದರಿಂದ, ಇನ್ನು ಮುಂದೆ ಚಿಟ್ಟೆ ಬಂದ ಗೂಡನ್ನು ಮಾತ್ರ ಸ್ವೀಕರಿಸತಕ್ಕದ್ದು. ಬೆಳೆಗಾರರು ಇದಕ್ಕೂ ಒಗ್ಗಿಕೊಂಡರು. ಒಳ್ಳೆಯ ಗೂಡನ್ನು ಕೊಳ್ಳೇಗಾಲದಲ್ಲಿ ಮಾರಿ, ತೂತಾದ ನಾಲ್ಕು ಗೂಡನ್ನು ತೊರೆಹುಣಸೆಗೆ ತಂದು ದಾಖಲು ಮಾಡಿಸಿ, ಬಸ್ಸು ಬರುವವರೆಗೆ ಫ್ಯಾನಿನ ಕೆಳಗೆ ಕೂತು ಹೋಗುತ್ತಿದ್ದರು. ಕೊಳ್ಳುವ ರೀಲರು ಒಬ್ಬನೂ ಬರುತ್ತಿರಲಿಲ್ಲವಾದ್ದರಿಂದ ಬೆಲೆಯ ಬಗ್ಗೆ ಒಂದು ದೂರೂ ಬರಲಿಲ್ಲ.

ಶಾಲು ಹೊದಿಸಿದ ವಾರದ ಭಾನುವಾರ ಜಡೇಸ್ವಾಮಿ ಒಂದು ಗಿಲಕಿ, ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಅತ್ತೆಯ ಮನೆಗೆ ಹೋದ. ಇಲಾಖೆಯ ಶಾಲನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದ್ದರು. ಮಗಳು ಅದರೊಳಗೆ ನಿದ್ದೆಹೋಗಿದ್ದಳು. ಚಿಕ್ಕಮಾದಮ್ಮ ಬಿಸಿಬಿಸಿ ಮುದ್ದೆ, ಹುರುಳಿಕಾಳು ಸಾರು ಬಡಿಸಿದರು. ಒಂದು ಗಡುಸು ಮಾತೂ ಆಡಲಿಲ್ಲ. ಕೈತೊಳೆದು ಬಂದು ಅವನು ಮೆಲ್ಲಗೆ ಕೇಳಿದ.

“ದೀಪನ್ನೂ ಮಗೀನೂ ಇವತ್ತೇ ಕಳ್ಸಿ ಅತ್ತೆ.”

“ಬಾಯಲ್ಲಿ ಯೋಳುದ್ರ ತಕಳಕಾಯ್ತದ ಅಳಿಮಯ್ಯ?” ಎಂದರು ಚಿಕ್ಕಮಾದಮ್ಮ, ಅಡಿಕೆ ಕತ್ತರಿಸುತ್ತ. “ಪಲಕಕ್ಕ ಆಕಿ. ನಾಡ್ನ ಜನ ಒಪ್ಪುದ್ರ ನಂದೇನದ?”

ಬಾಗಿಲ ಹಿಂದೆ ದೀಪ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. “ಒಮ್ಮತ ಬಂದ್ಮೇಲ ಬತ್ತೀನಿ ಕಣ್ರಿ,” ಎಂದಳು.

ಸೋಮವಾರ ಜಡೇಸ್ವಾಮಿ ಚಪ್ಪಲಿ ಬಿಟ್ಟು ಗಾಜಿನ ಕೋಣೆಗೆ ಹೋಗಿ ಬರೆದ: ‘ನನ್ನ ಹೆಂಡತಿ ಮತ್ತು ಮಗಳನ್ನು ಕಳಿಸಿಕೊಡಬೇಕೆಂದು ವಿನಂತಿ.’ ಅಂದು ಫಲಕದಲ್ಲಿ, ಪರದೆಯ ಚಿಟ್ಟೆ ಎಡಕ್ಕೆ ಮುಖ ಮಾಡಿರಬೇಕೋ ಬಲಕ್ಕೋ ಎಂಬ ಚರ್ಚೆ ನಡೆಯುತ್ತಿತ್ತು. ಏಳನೇ ನಿಯಮದಂತೆ ತನ್ನ ವಿನಂತಿಯನ್ನು ತೆಗೆದುಹಾಕಿ, ಸ್ವೀಕೃತಿ ಮುದ್ರಿಸಿ ತನಗೇ ಕೊಟ್ಟುಕೊಂಡ. ಆಮೇಲೆ ಅತ್ತೆಯ ಉಪಾಯ ನೆನಪಾಗಿ, ‘ಚಿಟ್ಟೆ ಎಡಕ್ಕಾದರೂ ನೋಡಲಿ, ಬಲಕ್ಕಾದರೂ ನೋಡಲಿ, ನನ್ನ ಹೆಂಡತಿಯನ್ನು ಕಳಿಸಿಕೊಡಿ’ ಎಂದು ತಿದ್ದಿ ಹಾಕಿದ. ಅದು ಉಳಿಯಿತು.

ಸಂಜೆಯೊಳಗೆ ಇಪ್ಪತ್ತಕ್ಕೂ ಹೆಚ್ಚು ಜನ ಉತ್ತರ ಬರೆದರು. ಎಡದವರು ಇವನು ಬಲದವರ ಕಡೆಯವನೆಂದರು, ಬಲದವರು ಎಡದವನೆಂದರು. ಕೊನೆಗೆ ಸಿಲ್ಕ್‌ಕಿಂಗ್ ಎಲ್ಲವನ್ನೂ ತೂಗಿ ನೋಡಿ, ಈ ಜಡೇಸ್ವಾಮಿಗೆ ಹೆಂಡತಿಯೇ ಇಲ್ಲವೆಂದು ಸಕಾರಣವಾಗಿ ತೋರಿಸಿಕೊಟ್ಟರು. ಎಡ, ಬಲ, ಹಳದಿ, ಬಿಳಿ ಎಲ್ಲರೂ ಅದಕ್ಕೆ ಒಪ್ಪಿದರು. ಮೇಲ್ವಿಚಾರಕ ಜಡೇಸ್ವಾಮಿ ಇಡೀ ಚರ್ಚೆಯನ್ನು ಎರಡು ಸಲ ಓದಿ, ಕೆಳಗೆ ‘ಒಮ್ಮತ ಮೂಡಿದೆ’ ಎಂದು ನಮೂದಿಸಿ ಕಂಪ್ಯೂಟರ್ ಆರಿಸಿದ. ಮನೆಗೆ ಹೋಗಿ ಒಬ್ಬನಿಗೆ ಆಗುವಷ್ಟು ಉಪ್ಪಿಟ್ಟು ಮಾಡಿಕೊಂಡ.