ಅಡಗಿ ಕುಳಿತ ಬೀಗರ ಹಾಡು

ದೇವರನ್ನು ನಂಬದಿರುವುದನ್ನು ವಿಶ್ವವಿದ್ಯಾಲಯದಲ್ಲಿ ಕಲಿತೆ. ನನ್ನ ನೆನಪನ್ನು ನಂಬದಿರುವುದನ್ನು ಮನೆಯಲ್ಲೇ ಕಲಿತೆ. ಹಾಗಾಗಿ ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ನಮ್ಮ ಕಾಲೇಜಿಗೆ ಕಂಪ್ಯೂಟರ್ ಬಂದಾಗ, ಚಪ್ಪಲಿ ಹೊರಗೆ ಬಿಟ್ಟು ಆ ಕೋಣೆಗೆ ಹೋಗುತ್ತಿದ್ದವರಲ್ಲಿ ಎಲ್ಲರಿಗಿಂತ ಹೆಚ್ಚು ಭಕ್ತಿ ನನ್ನದೇ. ಮರೆಯದ ಯಂತ್ರ!

ಕುರುಗೋಡಿನ ನಮ್ಮ ಅತ್ತೆ, ಅಂದರೆ ಹೆಂಡತಿಯ ತಾಯಿ, ಮದುವೆಗಳಲ್ಲಿ ಬೀಗರನ್ನು ಛೇಡಿಸುವ ಹಾಡುಗಳಿಗೆ ಹೆಸರಾದವರು. ವಯಸ್ಸಾಗಿ ನುಡಿಗಳು ಜಾರತೊಡಗಿದಾಗ, ನೆನಪಿದ್ದಷ್ಟನ್ನು ಅವರಿಂದ ಹೇಳಿಸಿ, ಇಂಗ್ಲಿಷ್ ಅಕ್ಷರಗಳಲ್ಲಿ ಕಂಪ್ಯೂಟರಿಗೆ ಏರಿಸಿದ್ದೆ. ಈಗ ಅವರ ಮಗನ ಮಗಳನ್ನು ಸಿರುಗುಪ್ಪಕ್ಕೆ ಕೊಡುವುದು ನಿಶ್ಚಯವಾಗಿ, ಮದುವೆ ಎದುರಿಗೇ ಬಂದು ನಿಂತಿತ್ತು.

"ಸಿರುಗುಪ್ಪದೋರ ಹಾಡು ಒಂದ್ ಸಾಲೂ ನೆನಪಿಲ್ರಿ ಅಳಿಯಾರ. ನಿಮ್ ಡಬ್ಬ್ಯಾಗಿಂದ ತರ್ರಿ. ಇಲ್ಲಂದ್ರ ಬೀಗ್ತಿ ಮುಂದ ನಾ ಮೂಕಿ ಆಗ್ತೀನಿ" ಎಂದರು.

ಹೋಗಿ ನೋಡಿದರೆ ಪರದೆಯ ಮೇಲಿನ ಪಟ್ಟಿಯಲ್ಲಿ ಆ ಫೈಲೇ ಇಲ್ಲ. ಟೈಪ್ ಮಾಡಿದ್ದೆನೋ, ಮಾಡಿದಂತೆ ಕನಸು ಕಂಡಿದ್ದೆನೋ? ಕಾಣುವ ಫೈಲುಗಳ ಗಾತ್ರವನ್ನೆಲ್ಲ ಕೂಡಿಸಿದೆ, ಖಾಲಿ ಜಾಗವನ್ನೂ ಸೇರಿಸಿದೆ. ಆದರೂ ಲೆಕ್ಕ ಡಿಸ್ಕಿನ ಒಟ್ಟು ಗಾತ್ರಕ್ಕೆ ಮುಟ್ಟಲಿಲ್ಲ. ಅಂದರೆ ಒಳಗೆ ಏನೋ ಕಾಣದೆ ಕುಳಿತಿದೆ! ಕಾಣದ್ದನ್ನು ಇದೆಯೆಂದು ಎಂದೂ ಒಪ್ಪದ ನನಗೆ ಮೈ ಜುಮ್ಮೆಂದಿತು. ಆಗ ಹೊಳೆಯಿತು: ಅಡಗಿಸಿದವನು ನಾನೇ. ನಮ್ಮ ಪ್ರಿನ್ಸಿಪಾಲರ ಊರು ಸಿರುಗುಪ್ಪ. ಅವರ ಕಣ್ಣಿಗೆ ಬಿದ್ದೀತೆಂದು ಹೆದರಿ ಫೈಲನ್ನು ಮರೆಮಾಡಿ, ಮರೆಮಾಡಿದ್ದನ್ನೂ ಮರೆತಿದ್ದೆ.

ಅಂದು ಮರೆಮಾಡಲು ಕೊಟ್ಟಿದ್ದ ಆಜ್ಞೆಯನ್ನು ತಿರುಗಿಸಿ ಕೊಟ್ಟು ಫೈಲು ತೆರೆದೆ. ಕಪ್ಪು ಪರದೆಯ ಆಳದಿಂದ ಹಸಿರು ಅಕ್ಷರಗಳು ಎದ್ದು ಬಂದವು:

ಸಿರುಗುಪ್ಪ ಬೀಗರು ಹೋಳಿಗಿ ನುಂಗ್ಯಾರ,
ಎಲಿ ಎಲ್ಲಿ ಅಂದ್ರ ಎಲಿನೂ ತಿಂದ್ಯಾರ.

ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ಬರಿಗಾಲಿನಲ್ಲಿ ಬಂದು ಬೆನ್ನ ಹಿಂದೆ ನಿಂತಿದ್ದ ಪ್ರಿನ್ಸಿಪಾಲರ ಸುಳಿವೇ ಸಿಗಲಿಲ್ಲ.

"ಮೂರನೇ ಸಾಲು ಎಲ್ರೀ?" ಎಂದರು. ನಾನು ತಿರುಗುವಷ್ಟರಲ್ಲಿ ಅವರೇ ಹೇಳಿದರು: "'ತೇಗಾಕ ಮಾತ್ರ ತಮ್ಮೂರಿಗೆ ಹೋಗ್ಯಾರ.' ನನ್ ಮದುವ್ಯಾಗ ಕುರುಗೋಡದೋರು ಹಾಡಿದ್ದು. ಹಾಕ್ರಿ, ಹಾಕ್ರಿ. ಅರ್ಧಮರ್ಧ ಬೈಸ್ಕೊಳ್ಳಾಕ ನಾವೇನ್ ಬಿಟ್ಟಿ ಬಿದ್ದೀವೇನ್ರಿ?"

ಹಾಡುವವರೇ ಮರೆತದ್ದನ್ನು ಬೈಸಿಕೊಂಡವರು ಇಷ್ಟು ವರ್ಷ ಜೋಪಾನ ಮಾಡಿದ್ದರು! ಯಂತ್ರದ ಮುಂದೆ ಕುಳಿತು ನಾನು ಪ್ರಿನ್ಸಿಪಾಲರ ಬೋಳುತಲೆಯನ್ನೇ ಬೆರಗಿನಿಂದ ನೋಡಿದೆ. ಸಾಲು ಸೇರಿಸಿದೆ.

ಮದುವೆಯಲ್ಲಿ ಅತ್ತೆ ಗೆದ್ದರು. ನನ್ನ ಮದುವೆಯಲ್ಲಿ ಇಂಥದ್ದೊಂದು ಹಾಡಲೇ ಇಲ್ಲವಲ್ಲ ಎಂದು ಆಕ್ಷೇಪಿಸಿದೆ.

"ಇದನ್ನ ಹಾಡಿದ್ವಿರಿ ಅಳಿಯಾರ, 'ಬಳ್ಳಾರಿ ಬೀಗರು' ಅಂತ. ನೀವು ತಲಿದೂಗಿಕೊಂತ ಕುಂತಿದ್ರಿ."

ಅಂದರೆ ನನ್ನನ್ನೇ ಬೈದ ಹಾಡನ್ನು ನಾನೇ ಟೈಪ್ ಮಾಡಿ, ಯಾರಿಗೂ ಬೇಸರವಾಗದಿರಲೆಂದು ಬಚ್ಚಿಟ್ಟಿದ್ದೆ.